ಮರೆತವರನ್ನು ನೆನೆದಾಕೆ

ಪುಸ್ತಕವೊಂದರಿಂದ ಕೆಲವು ಪದ್ಯಗಳನ್ನು ಸದ್ದಿಲ್ಲದೆ ತೆಗೆದುಹಾಕಿದರೆ ಓದುಗರಲ್ಲಿ ಹೆಚ್ಚಿನವರಿಗೆ ಅದು ತಿಳಿಯುವುದೇ ಇಲ್ಲ. ಇದ್ದುದು ಇಷ್ಟೇ ಎಂದುಕೊಂಡು ಪುಟ ಮಗುಚುತ್ತಾರೆ. ಲೋಕದ ನೆನಪಿನಿಂದ ಒಬ್ಬರ ಹೆಸರು ಅಳಿಸಿಹೋಗುವುದೂ ಬಹುಮಟ್ಟಿಗೆ ಹೀಗೆಯೇ. ಅದಕ್ಕೆ ಯುದ್ಧ ಬೇಕಿಲ್ಲ, ಬೆಂಕಿ ಬೇಕಿಲ್ಲ. ಯಾರೂ ಕೇಳದಿದ್ದರೆ ಸಾಕು. ಹಾಗೆ ಕೇಳಿದವಳು ಒಬ್ಬಳಿದ್ದಳು. ಆಕೆ ಬೆಂಗಳೂರು ನಾಗರತ್ನಮ್ಮ.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ದೇವದಾಸಿ ಮನೆತನ; ತಂದೆಯ ಆಸರೆ ದೊರೆಯಲಿಲ್ಲ. ತಾಯಿ ಪುಟ್ಟಲಕ್ಷ್ಮಿ ಪಡಬಾರದ ಪಾಡುಪಟ್ಟು ಮಗಳಿಗೆ ವಿದ್ಯೆ ಕಲಿಸಿದಳು. ಹುಡುಗಿ ಹದಿಹರೆಯಕ್ಕೆ ಕಾಲಿಡುವ ವೇಳೆಗೆ ಆ ತಾಯಿಯೂ ತೀರಿಕೊಂಡಳು. ಕನ್ನಡ, ಸಂಸ್ಕೃತ, ತೆಲುಗುಗಳಲ್ಲಿ ಪಾಂಡಿತ್ಯ ಗಳಿಸಿದ ಈಕೆ ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರಿಂದ ಸಂಗೀತ ಕಲಿತಳು. ಅವರು ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ಮುಂದೆ ಮದರಾಸಿಗೆ ಹೋಗಿ ನೆಲೆಸಿದ ಮೇಲೆ ಕೀರ್ತಿಯೂ ಬಂತು, ಸಂಪತ್ತೂ ಬಂತು. ಗ್ರಾಮಫೋನಿನ ತಟ್ಟೆಗಳಲ್ಲಿ ಆಕೆಯ ಕಂಠ ಮನೆಮನೆಗೂ ಹೋಯಿತು. ಇಷ್ಟಕ್ಕೆ ತೃಪ್ತಳಾಗಿದ್ದರೆ ಬಾಳು ಸುಖವಾಗಿಯೇ ಸಾಗುತ್ತಿತ್ತು.

ಆದರೆ ಆಕೆಗೆ ಓದುವ ಹುಚ್ಚು. 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಶೃಂಗಾರಕಾವ್ಯದ ಸುದ್ದಿ ಕಿವಿಗೆ ಬಿತ್ತು. ಅದನ್ನು ಬರೆದವಳು ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಗಣಿಕೆ. ಅಚ್ಚಾದ ಪ್ರತಿಯನ್ನು ಹುಡುಕಿ ತಂದು ಹಸ್ತಪ್ರತಿಯೊಡನೆ ಹೋಲಿಸಿದಾಗ ನಾಗರತ್ನಮ್ಮನಿಗೆ ಬೆರಗಾಯಿತು. ಹಲವು ಪದ್ಯಗಳೇ ಇಲ್ಲ! ಕವಯಿತ್ರಿ ತನ್ನ ವಂಶವನ್ನು ವರ್ಣಿಸಿದ ಭಾಗವೂ ಮಾಯವಾಗಿತ್ತು. ವಿಧವಾವಿವಾಹಕ್ಕಾಗಿ ದುಡಿದ ಮಹನೀಯರಾದ ಕಂದುಕೂರಿ ವೀರೇಶಲಿಂಗಂ ಅವರೇ ಈ ಕಾವ್ಯವನ್ನು ಹೆಂಗಸರ ಕಿವಿಗೆ ತಕ್ಕುದಲ್ಲವೆಂದು ಜರೆದಿದ್ದರು. ನಾಗರತ್ನಮ್ಮ ಹಿಂಜರಿಯಲಿಲ್ಲ. ಪೂರ್ಣಪಾಠವನ್ನು ಸಿದ್ಧಪಡಿಸಿ, 1910ರಲ್ಲಿ ವಾವಿಳ್ಳ ಪ್ರಕಾಶನದ ಮೂಲಕ ಹೊರತಂದಳು. ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರ ಮೀಸಲೇ, ಗಂಡಸರು ಬರೆದ ಶೃಂಗಾರಕ್ಕೆ ಏಕೆ ಈ ಆಕ್ಷೇಪಣೆ ಇಲ್ಲ ಎಂದು ಪೀಠಿಕೆಯಲ್ಲಿಯೇ ಪ್ರಶ್ನಿಸಿದಳು.

ಉತ್ತರ ಬಂದದ್ದು ಸರ್ಕಾರದಿಂದ. ಪುಸ್ತಕ ಅಶ್ಲೀಲವೆಂದು 1911ರಲ್ಲಿ ಕ್ರಮ ಕೈಗೊಂಡು ಪ್ರತಿಗಳನ್ನು ವಶಪಡಿಸಿಕೊಂಡರು. ನಿಷೇಧ ತೊಲಗಿದ್ದು 1947ರಲ್ಲಿ. ಮುದ್ದುಪಳನಿ ಎರಡನೆಯ ಬಾರಿ ಕತ್ತಲೆಗೆ ಸರಿದಳು.

ಇಂತಹ ಪೆಟ್ಟು ತಿಂದವರು ಮತ್ತೊಮ್ಮೆ ಪರರ ನೆನಪನ್ನು ಹೊರುವ ಉಸಾಬರಿಗೆ ಹೋಗುವುದು ಅಪರೂಪ. ನಾಗರತ್ನಮ್ಮ ಹೋದಳು. 1921ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರಿಂದ ಆಕೆಗೆ ಒಂದು ಕಾಗದ ಬಂದಿತು. ಕಾವೇರಿಯ ದಡದ ತಿರುವಯ್ಯಾರಿನಲ್ಲಿ, 1847ರಲ್ಲಿ ದೇಹ ಬಿಟ್ಟ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಎಂಬ ಸಂಗತಿ ಅದರಲ್ಲಿತ್ತು. ಅವರ ಕೀರ್ತನೆಗಳನ್ನು ಹಾಡಿ ಬದುಕುವವರು ಸಾವಿರಾರು ಮಂದಿ. ಅವರ ಸಮಾಧಿಗೆ ಒಂದು ಮಾಡಿಲ್ಲ! ನಾಗರತ್ನಮ್ಮ ತಾನು ಹಾಡಿ ಗಳಿಸಿದ ಹಣದಿಂದ ಜಾಗ ಕೊಂಡು, ಗುಡಿ ಕಟ್ಟಿಸಿ, ತ್ಯಾಗರಾಜರ ವಿಗ್ರಹವನ್ನು ಸ್ಥಾಪಿಸಿದಳು. 1926ರಲ್ಲಿ ಕುಂಭಾಭಿಷೇಕವೂ ನಡೆಯಿತು.

ಆದರೆ ಗುಡಿ ಕಟ್ಟಿಸಿದ ಕೈಗೆ ಅಲ್ಲಿ ತಾಳ ಹಿಡಿಯುವ ಅಧಿಕಾರವಿರಲಿಲ್ಲ. ಆರಾಧನೆಯನ್ನು ನಡೆಸುತ್ತಿದ್ದ ಎರಡು ಪಂಗಡಗಳಿಗೆ ತಮ್ಮತಮ್ಮಲ್ಲಿ ಸದಾ ವ್ಯಾಜ್ಯ. ಹೆಂಗಸರು ಹಾಡಕೂಡದೆಂಬ ಒಂದು ವಿಷಯದಲ್ಲಿ ಮಾತ್ರ ಒಮ್ಮತ! ನಾಗರತ್ನಮ್ಮ ಅಳುತ್ತ ಕೂರಲಿಲ್ಲ. ತನ್ನಂತಹ ಗಾಯಕಿಯರನ್ನು ಒಟ್ಟುಗೂಡಿಸಿ ಗುಡಿಯ ಹಿಂಭಾಗದಲ್ಲಿ ಮೂರನೆಯ ಆರಾಧನೆಯನ್ನೇ ಆರಂಭಿಸಿದಳು. ಮುಂದೆ ಗಂಡಸರ ಹಾಡು, ಹಿಂದೆ ಹೆಂಗಸರ ಹಾಡು, ನಡುವೆ ತ್ಯಾಗರಾಜರು. ವರ್ಷಗಳು ಹೀಗೆಯೇ ಉರುಳಿದವು. ಕೊನೆಗೆ 1940ರ ದಶಕದ ಮೊದಲಿನಲ್ಲಿ ಪಂಗಡಗಳು ಒಂದಾದವು. ಹೆಂಗಸರಿಗೂ ಎದುರಿನಲ್ಲಿ ಕುಳಿತು ಹಾಡುವ ಹಕ್ಕು ದೊರೆಯಿತು.

1949ರಲ್ಲಿ ನಾಗರತ್ನಮ್ಮ ಉಯಿಲು ಬರೆದು ಆಸ್ತಿಯನ್ನು ಆ ಸಮಾಧಿಗೇ ಅರ್ಪಿಸಿದಳು. ದೇವದಾಸಿಯರೂ ಸೇರಿದಂತೆ ಹೆಂಗಸರಿಗೆ ಅಲ್ಲಿ ಪೂಜೆ ಮಾಡಲು ಎಂದೂ ಅಡ್ಡಿಯಿರಕೂಡದು ಎಂಬುದು ಆಕೆ ಹಾಕಿದ ಷರತ್ತು. 1952ರ ಮೇ 19ರಂದು ತಿರುವಯ್ಯಾರಿನಲ್ಲಿಯೇ ಕಣ್ಣು ಮುಚ್ಚಿದಳು. ಅದೇ ವರ್ಷ 'ರಾಧಿಕಾ ಸಾಂತ್ವನಮು' ಮತ್ತೆ ಅಚ್ಚಾಯಿತು.

ಸತ್ತವರನ್ನು ಹೊಗಳುವುದು ಸುಲಭ. ವರ್ಷಕ್ಕೊಮ್ಮೆ ಹಾರ ಹಾಕಿದರೆ ಋಣ ತೀರಿತೆಂದು ಎಲ್ಲರೂ ಮನೆಗೆ ಹೋಗುತ್ತಾರೆ. ನಾಗರತ್ನಮ್ಮನ ಪಾಲಿಗೆ ನೆನೆಯುವುದೆಂದರೆ ದುಡಿಮೆ: ಹಸ್ತಪ್ರತಿಯ ಸಾಲುಗಳನ್ನು ತಾಳೆ ನೋಡುವುದು, ಜಾಗಕ್ಕೆ ಹಣ ಎಣಿಸುವುದು, ಬಯ್ಗಳನ್ನು ನುಂಗಿ ಮರುದಿನ ಮತ್ತೆ ಅಲ್ಲಿಗೇ ಬರುವುದು. ಕುಲವಿಲ್ಲದವಳೆಂದು ಲೋಕ ಯಾರನ್ನು ಹೊರಗಿಟ್ಟಿತೋ ಅವಳೇ ಒಬ್ಬ ಕವಯಿತ್ರಿಯ ಕುಲವನ್ನು ಪುಸ್ತಕದಲ್ಲಿ ಮರಳಿ ನಿಲ್ಲಿಸಿದಳು. ಒಬ್ಬ ಸಂತನ ಮನೆಗೆ ದೀಪ ಹಚ್ಚಿದಳು.

ಈಗ ಪ್ರತಿ ಪುಷ್ಯ ಬಹುಳ ಪಂಚಮಿಯಂದು ಗಂಡಸರೂ ಹೆಂಗಸರೂ ಸಾಲಾಗಿ ಕುಳಿತು ಪಂಚರತ್ನ ಕೀರ್ತನೆಗಳನ್ನು ಹಾಡುತ್ತಾರೆ. ಅದು ಹಿಂದಿನಿಂದ ನಡೆದುಬಂದ ಪದ್ಧತಿ ಎಂದೇ ಕೇಳುವವರ ಭಾವನೆ. ಎದುರಿಗೆ, ಸಮಾಧಿಯತ್ತ ಮುಖ ಮಾಡಿ, ನಾಗರತ್ನಮ್ಮನ ಪ್ರತಿಮೆ ಕುಳಿತಿದೆ. ಗುಂಪಿನಲ್ಲಿ ಒಂದು ಮಗು ಆ ಹೆಂಗಸು ಯಾರೆಂದು ಕೇಳಿದರೆ, ಉತ್ತರ ಹೇಳಲು ಪಕ್ಕದಲ್ಲಿ ಒಬ್ಬರಾದರೂ ಇರಬೇಕು.