ಕೋಡಿಗೆ ಬಲೆ ಕಟ್ಟಿದ ಕಥೆ

ಚಾಮರಾಜನಗರದಿಂದ ತಾಳವಾಡಿ ಬಸ್ಸು ಹತ್ತಿದವರಿಗೆ ರಾಜ್ಯ ಬದಲಾದದ್ದು ತಿಳಿಯುವುದು ಬೋರ್ಡುಗಳ ಮೇಲಿನ ತಮಿಳು ಅಕ್ಷರಗಳಿಂದಲೇ. ಈರೋಡು ಜಿಲ್ಲೆಗೆ ಸೇರಿದ್ದರೂ ಇಲ್ಲಿ ಮನೆಮಾತು, ಸಂತೆಮಾತು ಕನ್ನಡವೇ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇದೇ ಸೀಮೆಯದು. ನಾನು ಹೋದದ್ದು ಮಾತ್ರ, ಕಾಡಂಚಿನ ಜಮೀನಿನಲ್ಲಿ ಪರಿಚಿತ ರೈತರೊಬ್ಬರು ಕಟ್ಟಿಸಿದ ಪುಟ್ಟ ಮಣ್ಣಿನ ಕಟ್ಟೆ ನೋಡಲು.

ಕಾರಣವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಯುವಕರನ್ನು ಸೇರಿಸಿಕೊಂಡು ಇಂಥದೇ ಕಟ್ಟೆ ಕಟ್ಟಿಸಿ, ಕಾಟ್ಲಾ, ರೋಹು ಮರಿ ಬಿಡಿಸಿದ್ದೆ. ಮಳೆಗಾಲದಲ್ಲಿ ಮೀನು ತಪ್ಪಿಸಿಕೊಂಡಾವೆಂದು ಕೋಡಿಗೆ ಅಡ್ಡಲಾಗಿ ತಂತಿಬಲೆ ಬಿಗಿಸಿದೆ. ದೊಡ್ಡ ಬುದ್ಧಿವಂತಿಕೆ ಎಂದುಕೊಂಡಿದ್ದೆ. ಒಂದು ರಾತ್ರಿಯ ಜೋರು ಮಳೆಗೆ ಎಲೆ, ಕಡ್ಡಿ, ಕಸವೆಲ್ಲ ಬಂದು ಬಲೆಗೆ ಮೆತ್ತಿಕೊಂಡಿತು. ದಾರಿ ಕಟ್ಟಿದ ನೀರು ಏರಿಯ ಮೇಲೆಯೇ ಹರಿಯಿತು. ಕಲ್ಲಿನ ಕಟ್ಟೆಯಾಗಿದ್ದರೆ ತಾಳಿಕೊಂಡೀತು. ಮಣ್ಣಿನದು ಹಿಂಬದಿಯಿಂದ ಕೊರೆದುಹೋಗುತ್ತದೆ. ಬೆಳಗಿನ ಪೂಜೆಯ ಹೊತ್ತಿಗೆ ಕಟ್ಟೆಯೂ ಇಲ್ಲ, ಮೀನೂ ಇಲ್ಲ. ಕೆಳಗಿನ ಬಡ ಕುಟುಂಬವೊಂದರ ರಾಗಿ ಪೈರಿನ ಮೇಲೆ ಮೊಣಕಾಲುದ್ದ ಕೆಸರು. ಆ ಮನೆಯವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಾಳವಾಡಿಯ ಕಟ್ಟೆ ಎರಡು ದಿಬ್ಬಗಳ ನಡುವಿನ ಹಳ್ಳಕ್ಕೆ ಅಡ್ಡಲಾಗಿದೆ. ಒಡಲಲ್ಲಿ ತುಳಿದು ಗಟ್ಟಿ ಮಾಡಿದ ಜೇಡಿಮಣ್ಣು, ಎರಡೂ ಬದಿಗೆ ಇಳಿಜಾರು, ಮೇಲೆ ಗರಿಕೆ. ಏರಿಯ ಮೇಲೆ ಒಂದು ಮರವೂ ಇಲ್ಲ. ನೆರಳಿಗೆ ಹೊಂಗೆ ನೆಡಬಹುದಿತ್ತಲ್ಲ ಎಂದೆ. "ಬೇರು ಸತ್ತು ಕೊಳೆತರೆ ನೀರಿಗೆ ಕೊಳವೆ ಆಯ್ತದೆ ಸ್ವಾಮಿ" ಎಂದರು. ಏಡಿಯ ಬಿಲವನ್ನೂ ಅವರು ಹುಡುಕಿ ಹುಡುಕಿ ಮುಚ್ಚುತ್ತಾರೆ. ಕೋಡಿ ಇರುವುದು ಏರಿಯ ಪಕ್ಕದ ಗಟ್ಟಿ ನೆಲದಲ್ಲಿ, ಏರಿಗಿಂತ ಮೂರಡಿ ತಗ್ಗಿನಲ್ಲಿ, ಎತ್ತಿನಗಾಡಿ ಹೋಗುವಷ್ಟು ಅಗಲಕ್ಕೆ. ಬಲೆ ಇಲ್ಲ.

"ಮೀನು ಹೋಗುವುದಿಲ್ಲವೇ?"

"ಒಂದಷ್ಟು ಹೋಯ್ತವೆ. ಹೋಗ್ಲಿ."

ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಹೇಗೂ ಮತ್ತೆ ಮತ್ತೆ ತಂದು ಬಿಡಲೇಬೇಕು. ಉಳಿದದ್ದರಲ್ಲಿ ಮನೆಗೊಂದು ಪಾಲು, ಮಿಂಚುಳ್ಳಿಗೆ, ನೀರುಕಾಗೆಗೆ ಒಂದು ಪಾಲು.

ಆನೆಯ ವಿಷಯ ಅಷ್ಟು ಸುಲಭವಲ್ಲ. ಸತ್ಯಮಂಗಲ ಅರಣ್ಯ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು; ಆದರೆ ನಾನು ಕೂತ ಜಗಲಿಗಳಲ್ಲೆಲ್ಲ ಆನೆಯದೇ ಮಾತು. ಬೇಸಿಗೆಯಲ್ಲಿ ನೀರಿಗೆಂದು ಬಂದ ಆನೆ ಪಕ್ಕದ ಬಾಳೆ, ಕಬ್ಬು, ಕೋಸು ಬಿಟ್ಟು ಹೋದೀತೇ? ನೆರೆಯವರಿಗೆ ಈ ಕಟ್ಟೆಯ ಮೇಲೆ ಅದೇ ಸಿಟ್ಟು. ನ್ಯಾಯವಾದ ಸಿಟ್ಟೇ ಎನ್ನಿಸಿತು. ನಮ್ಮ ರೈತರೂ ಅಲ್ಲವೆನ್ನಲಿಲ್ಲ. ಕಾಡಿನ ಬದಿಯ ದಂಡೆಯನ್ನು ತೆರೆದಿಟ್ಟು, ಹೊಲದ ಬದಿಗೆ ಸೋಲಾರ್ ಬೇಲಿ ಹಾಕಿಸಿದ್ದಾರೆ. ಒಮ್ಮೊಮ್ಮೆ ಅದನ್ನೂ ಮುರಿದು ಬರುತ್ತವಂತೆ. ಏರಿಯ ಮೇಲೊಂದು ಕಡೆ ಬಕೆಟ್ಟಿನಗಲದ ಹೆಜ್ಜೆ ಇತ್ತು. ಆಗಲೇ ಹೊಸ ಮಣ್ಣು ತುಂಬಿ ಬಡಿದಿದ್ದರು.

ಕೋಡಿಯ ನೀರು ಎಲ್ಲಿಗೆ? ದಿಂಬಂ ಘಟ್ಟದಿಂದ ದಕ್ಷಿಣಕ್ಕೆ ಇಳಿದದ್ದು ಭವಾನಿಗೆ. ತಾಳವಾಡಿ ಕಡೆಯ ಹಳ್ಳಗಳದ್ದು ಉತ್ತರಕ್ಕೆ, ನಮ್ಮ ಚಾಮರಾಜನಗರದ ಚಿಕ್ಕಹೊಳೆ, ಸುವರ್ಣಾವತಿಗೆ. ಅಲ್ಲಿಂದ ಕಾವೇರಿ ಸೇರಿ, ಮತ್ತೆ ತಮಿಳುನಾಡಿನ ಮೆಟ್ಟೂರಿಗೆ. ಕಾವೇರಿ ಗಲಾಟೆಯ ದಿನಗಳಲ್ಲಿ ಗಡಿಯಲ್ಲಿ ನಿಂತುಬಿಡುವುದು ಬಸ್ಸು ಮಾತ್ರ.

ಹೊರಡುವ ಮುನ್ನ ಕೋಡಿಯ ಅಗಲವನ್ನು ಹಗ್ಗದಲ್ಲಿ ಅಳೆದು ಗಂಟು ಹಾಕಿಕೊಂಡೆ. ಹಳ್ಳ ಹಳ್ಳಕ್ಕೂ ಅಳತೆ ಬೇರೆ ಎಂದು ಅವರು ನಕ್ಕರು. ಹಳೆಯ ಧರ್ಮಕೇಂದ್ರದ ಯುವಕರು ಮತ್ತೆ ಕಟ್ಟೋಣ ಎನ್ನುತ್ತಿದ್ದಾರೆ. ಮೊದಲು ಆ ರಾಗಿ ಹೊಲದವರನ್ನು ಕೇಳಬೇಕು.