ಕೊನೆಯ ಒಂದು ಮೊಳ

ಕುದಿಸಿದ ನೀರು ಶುದ್ಧವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಆ ನೀರು ಮಗುವಿನ ಲೋಟವನ್ನು ಸೇರುವ ಮುನ್ನ ಯಾವ ದಾರಿಯಲ್ಲಿ ಸಾಗಿ ಬರುತ್ತದೆಂದು ವಿಚಾರಿಸುವವರು ವಿರಳ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಹಾಗೆ ವಿಚಾರಿಸಿದವಳು 5ನೆಯ ತರಗತಿಯ ಒಬ್ಬ ಬಾಲಕಿ.

ಆ ಶಾಲೆಯಲ್ಲಿ ದಿನವೂ ಜೀರಿಗೆ ಹಾಕಿ ನೀರು ಕುದಿಸಿ, ಆರಿದ ಬಳಿಕ ಜಗಲಿಯ ಉಕ್ಕಿನ ಡ್ರಮ್ಮಿಗೆ ತುಂಬುತ್ತಾರೆ. ಅಲ್ಲಿಂದ ಒಂದು ಮೊಳದಷ್ಟು ಉದ್ದದ ಪಾರದರ್ಶಕ ಕೊಳವೆ ಗೋಡೆಯ ನಳ್ಳಿಯನ್ನು ಸೇರುತ್ತದೆ. ಬೇಸಗೆ ರಜೆ ಕಳೆದು ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನೀರಿಗೆ ಪಾಚಿಯ ವಾಸನೆ ಹತ್ತಿತ್ತು. ಡ್ರಮ್ಮನ್ನು ಎರಡು ಬಾರಿ ತಿಕ್ಕಿ ತೊಳೆದರೂ ಅದು ಹೋಗಲಿಲ್ಲ. ಮಕ್ಕಳು ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಇಬ್ಬರು ರಕ್ಷಕರು ಪೇಟೆಯ ಆಂಗ್ಲ ಮಾಧ್ಯಮ ಶಾಲೆಯಿಂದ ಅರ್ಜಿ ತಂದಿಟ್ಟುಕೊಂಡರು. ತರಗತಿಯಲ್ಲಿರುವುದೇ 11 ಮಕ್ಕಳು ಎಂದಾಗ ಇಬ್ಬರೆಂಬುದು ಸಣ್ಣ ಲೆಕ್ಕವಲ್ಲ.

ಬಾಲಕಿಯ ತಂದೆ ಗಲ್ಫಿನಲ್ಲಿ ಬಹುಕಾಲ ಪೈಪು ಜೋಡಿಸುವ ಕೆಲಸ ಮಾಡಿ ಮರಳಿದವರು. ದೋಷ ಡ್ರಮ್ಮಿನದಲ್ಲ, ಕೊಳವೆಯದೆಂದು ಅವರು ಕಂಡುಕೊಂಡರು. ರಜೆಯ ದಿನಗಳಲ್ಲಿ ಅದರೊಳಗೆ ನಿಂತ ನೀರಿಗೆ ಬೆಳಕು ತಗಲಿ ಪಾಚಿ ಬೆಳೆದಿತ್ತು. ಒಳಗೋಡೆಗೆ ಅಂಟಿದ ಲೋಳೆಯಲ್ಲಿ ಸೂಕ್ಷ್ಮಜೀವಿಗಳು ನೆಲೆಯೂರುತ್ತವೆ. ಹರಿದುಹೋಗುವ ನೀರು ಅವುಗಳನ್ನು ಕಿತ್ತೊಯ್ಯಲಾರದು. ಅದು ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಅಗ್ಗದ ಕೊಳವೆಯಾಗಿದ್ದು, ಆಹಾರಕ್ಕೆ ಯೋಗ್ಯವಾದುದೂ ಆಗಿರಲಿಲ್ಲ.

ಭಾನುವಾರ ಅವರು ಮಗಳನ್ನು ಜತೆಗಿರಿಸಿಕೊಂಡು ಕೆಲಸಕ್ಕಿಳಿದರು. ಗಟ್ಟಿಯಾಗಿದ್ದ ಹಳೆಯ ಕೊಳವೆಯನ್ನು ಎಳೆದರೆ ನಳ್ಳಿಯ ಮೂತಿ ಮುರಿದೀತೆಂದು ಉದ್ದಕ್ಕೆ ಸೀಳಿ ಬಿಡಿಸಿದರು. ಮೂತಿಯ ಹೊರ ಅಳತೆ ನೋಡಿ, ಅದಕ್ಕೆ ಬಿಗಿಯಾಗಿ ಕೂರುವ 12 ಮಿಲಿಮೀಟರ್ ಒಳವ್ಯಾಸದ, ಆಹಾರಯೋಗ್ಯ ಸಿಲಿಕೋನ್ ಕೊಳವೆಯನ್ನು ತಂದಿದ್ದರು. ತುದಿಯನ್ನು ನೇರವಾಗಿ ಕತ್ತರಿಸಿ, ಎಣ್ಣೆ ಸವರದೆ ಬರಿಯ ನೀರಿನಲ್ಲಿ ತೋಯಿಸಿ ಮೂತಿಯ ಬುಡದವರೆಗೆ ತಳ್ಳಿದರು. ಹಿಡಿಕೆಪಟ್ಟಿಯನ್ನು ನೀರು ಸೋರದಷ್ಟು ಮಾತ್ರ ಬಿಗಿದರು. ಅತಿಯಾಗಿ ಬಿಗಿದರೆ ಅದೇ ಕೊಳವೆಯನ್ನು ಕತ್ತರಿಸುತ್ತದೆ. ಬಳಿಕ ಬ್ಲೀಚಿಂಗ್ ಪುಡಿಯ ತಿಳಿನೀರನ್ನು ಅರ್ಧ ಗಂಟೆ ನಿಲ್ಲಿಸಿ, ವಾಸನೆ ಹೋಗುವವರೆಗೆ ಶುದ್ಧ ನೀರು ಹರಿಸಿದರು.

ನಳ್ಳಿ ಇನ್ನೂ ತೊಟ್ಟಿಕ್ಕುತ್ತಿತ್ತು. ಮಗಳು ಲೆಕ್ಕ ಹಾಕಿದಳು. ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 86,400 ಹನಿ. 20 ಹನಿಗೆ ಒಂದು ಮಿಲಿಲೀಟರ್ ಎಂದರೂ 4 ಲೀಟರಿಗಿಂತ ಹೆಚ್ಚು. ಅವರು ನಳ್ಳಿಯ ವಾಷರನ್ನೂ ಬದಲಿಸಿದರು.

ಕೆಲಸದ ನಡುವೆ ತಂದೆಯ ಬಾಯಿಂದ ಬಂದ ಉಪಕರಣಗಳ ಹೆಸರುಗಳೆಲ್ಲ ಇಂಗ್ಲಿಷ್ ಇಲ್ಲವೆ ಮಲಯಾಳದವು. ಮಗಳು ಒಂದೊಂದಕ್ಕೂ ಕನ್ನಡದ ಮಾತು ಕೇಳಿದಳು. ಇಕ್ಕುಳ, ತಿರುಪು, ಮೂತಿ, ಒಳವ್ಯಾಸ ಎಂದು ಅವರು ನೆನೆದು ನೆನೆದು ಹೇಳಿದರು. ಕೆಲವು ಮಾತುಗಳು ಅವರಿಗೆ ತಾವೂ ಕಲಿತ ಅದೇ ಶಾಲೆಯ ಪಾಠಗಳಿಂದ ಮರಳಿ ಬಂದವು. ವಾಷರಿಗೆ ಮಾತು ಹೊಳೆಯದೆ ಅದು ವಾಷರಾಗಿಯೇ ಉಳಿಯಿತು.

ಶಾಲೆಗಳ ಅಳಿವು ಉಳಿವಿನ ಚರ್ಚೆಯಲ್ಲಿ ಆದೇಶ, ನೇಮಕಾತಿ, ಪಠ್ಯಪುಸ್ತಕಗಳ ಮಾತು ಬರುತ್ತದೆ, ಬರಲೇಬೇಕು. ಆದರೆ ಹೆತ್ತವರ ಮನಸ್ಸು ಕದಲುವುದು ಹಲವು ಬಾರಿ ಇಂತಹ ಸಣ್ಣ ಸಂಗತಿಗಳಿಂದ. ಭಾಷೆಯ ಮೇಲಿನ ಪ್ರೀತಿ ಎಷ್ಟೇ ಇರಲಿ, ಮಗುವಿಗೆ ಹೊಟ್ಟೆನೋವು ಬಂದೀತೆಂಬ ಭಯದ ಮುಂದೆ ಅದು ಹೆಚ್ಚು ಕಾಲ ನಿಲ್ಲದು.

ಅರ್ಜಿ ತಂದಿದ್ದ ಇಬ್ಬರಲ್ಲಿ ಒಬ್ಬರು ಮಗನನ್ನು ಕರೆದೊಯ್ದರು. ಇನ್ನೊಬ್ಬರ ಮಗಳು ಉಳಿದಳು. ಬೆಳಕು ತಾಗದಂತೆ ಕೊಳವೆಗೆ ಈಗ ದಪ್ಪ ಕಪ್ಪು ಬಟ್ಟೆಯ ಹೊದಿಕೆಯಿದೆ. ಪ್ರತಿ ಶುಕ್ರವಾರ ಸಂಜೆ ಇಬ್ಬರು ಮಕ್ಕಳು ಅದನ್ನು ಸರಿಸಿ ನೋಡಿ, ನೀರನ್ನು ಪೂರ್ತಿ ಬಸಿದು, ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಡ್ರಮ್ಮಿನ ಮೇಲೆ ಬಾಲಕಿಯ ದುಂಡಕ್ಷರದಲ್ಲಿ ಎರಡು ದಿನಾಂಕಗಳಿವೆ: ಕೊಳವೆ ಬದಲಿಸಿದ್ದು, ಮತ್ತೆ ಬದಲಿಸಬೇಕಾದದ್ದು.