ಎಡೆದೊರೆ ನಾಡಿನಲ್ಲಿ ಒಂದು ಧಾಟಿಯ ಜಗಳ

ಸಿಂಧನೂರಿನ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಲಿಂಗಸುಗೂರಿನ ಬಸ್ಸನ್ನು ಹಿಡಿಯುವುದು ಸಾಮಾನ್ಯ ಸಾಹಸವಲ್ಲ. ಅಕ್ಕಿಯ ಚೀಲ, ಕೈಗೂಸು, ಲಗ್ನಪತ್ರಿಕೆಯ ಕಟ್ಟು ಇವೆಲ್ಲವುಗಳ ಹಿಂದೆ ಹಳೆಯ ಸೀರೆಯಲ್ಲಿ ಸುತ್ತಿದ ಹಾರ್ಮೋನಿಯಂ ಒಂದು ಮೆಟ್ಟಿಲೇರಿ ಒಳಗೆ ಬಂದಿತೆಂದರೆ, ಭಜನಾ ಮೇಳವೊಂದು ಪ್ರಯಾಣ ಹೊರಟಿದೆಯೆಂದು ತಿಳಿಯಬೇಕು. ಈ ಭಾಗದಲ್ಲಿ ಹಾರ್ಮೋನಿಯಮ್ಮಿಗೆ ‘ಪೇಟಿ’ ಎಂದೇ ಹೆಸರು. ಪೇಟಿಯನ್ನು ತೊಡೆಯ ಮೇಲಿರಿಸಿಕೊಂಡು ಕಿಟಕಿಯ ಬದಿಗೆ ಕುಳಿತ ಮುದುಕ. ಪಕ್ಕದಲ್ಲಿ ಅವನ ಮಗಳ ಮಗ, ಇಪ್ಪತ್ತೆರಡರ ತರುಣ, ಮೇಳದ ಮುಖ್ಯ ಹಾಡುಗಾರ. ಉಳಿದ ಐವರು ಹಿಂದಿನ ಸೀಟುಗಳಲ್ಲಿ. ಬಸ್ಸು ಇನ್ನೂ ನಿಲ್ದಾಣವನ್ನು ಬಿಟ್ಟಿರಲಿಲ್ಲ. ಜಗಳ ಆಗಲೇ ಹೊರಟಿತ್ತು.

“ನಿನ್ನೆ ರಾತ್ರಿ ನೀ ಹಚ್ಚಿದ ಧಾಟಿ ಸಿನಿಮಾದ್ದು ಹೌದೋ ಅಲ್ಲೋ? ಅಷ್ಟು ಹೇಳು.”

“ಸಿನಿಮಾದ್ದಾದರ ಏನಾತು ತಾತಾ? ಪದ ನಮ್ಮದೇ ಐತಲ್ಲ. ಮಂದಿ ಎಷ್ಟೊತ್ತು ಕುಂತು ಕೇಳಿದ್ರು, ನೋಡಲಿಲ್ಲೇನು?”

“ಮಂದಿ ಕೇಳಿದ್ದು ಸಿನಿಮಾನ. ಪದಾನ ಅಲ್ಲ. ಇವತ್ತೂ ಅದನ್ನ ಹಾಡೋದಾದರ ಪೇಟಿ ನೀನೇ ಬಾರಿಸ್ಕೋ. ನಾ ಕೈ ಹಚ್ಚೋದಿಲ್ಲ.”

ಆ ರಾತ್ರಿ ಮುದಗಲ್ಲಿನ ದಾರಿಯ ಒಂದು ಹಳ್ಳಿಯಲ್ಲಿ ಜಾತ್ರೆ. ಮೇಳಕ್ಕೆ ವೀಳ್ಯ ಬಂದಿದೆ. ಪೇಟಿಯಿಲ್ಲದ ಭಜನೆ ಎಲ್ಲಿಯದು? ಹಿಂದಿನ ಸೀಟಿನವರ ಮುಖಗಳು ಬಾಡಿದವು.

ಬಸ್ಸು ಹೊರಟಿತು. ಎರಡು ಕಡೆಯೂ ಭತ್ತದ ಗದ್ದೆಗಳು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಈ ಭೂಮಿಯನ್ನು ನಮ್ಮ ಶಾಸನಗಳು ‘ಎಡೆದೊರೆ ನಾಡು’ ಎಂದು ಕರೆದವು. ಶತಮಾನಗಳ ಕಾಲ ಇದು ಜೋಳದ ನಾಡು, ಬರದ ನಾಡು. 1953ರಲ್ಲಿ ಸಿದ್ಧವಾದ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆ ಇಲ್ಲಿಗೆ ನೀರನ್ನು ತಂದಿತು. ನೀರಿನ ಹಿಂದೆಯೇ ಜನರೂ ಬಂದರು. ಆಂಧ್ರದ ಕರಾವಳಿಯಿಂದ ಬಂದ ರೈತರು ಕಟ್ಟಿಕೊಂಡ ವಸತಿಗಳಿಗೆ ‘ಕ್ಯಾಂಪು’ ಎಂಬ ಹೆಸರು ನಿಂತಿತು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೂ ಸಿಂಧನೂರಿನ ಬಳಿಯೇ ನೆಲೆ ದೊರೆಯಿತು. ಆ ಊರುಗಳು ಇಂದಿಗೂ ಆರ್.ಎಚ್. ಕ್ಯಾಂಪುಗಳು. ನವರಾತ್ರಿ ಬಂದಿತೆಂದರೆ ಈ ಒಂದೇ ತಾಲ್ಲೂಕಿನಲ್ಲಿ ಒಂದೆಡೆ ಬಂಗಾಳಿಗಳ ದುರ್ಗಾಪೂಜೆ, ಇನ್ನೊಂದೆಡೆ ಕನ್ನಡದ ದೇವೀಪುರಾಣದ ಪಠನ. ಆ ಪುರಾಣವನ್ನು ಬರೆದ ಚಿದಾನಂದಾವಧೂತರು ನೆಲೆಸಿದ್ದ ಸಿದ್ಧಪರ್ವತ, ಅಂದರೆ ಸೋಮಲಾಪುರದ ಅಂಬಾಮಠ, ಇದೇ ತಾಲ್ಲೂಕಿನಲ್ಲಿದೆ. ಮೂಲದ ಕಥೆ ಸಂಸ್ಕೃತದ ಮಾರ್ಕಂಡೇಯ ಪುರಾಣದ್ದು. ಛಂದಸ್ಸು ಕನ್ನಡದ ಹಿರಿಯ ಕವಿಗಳು ಪಳಗಿಸಿಕೊಟ್ಟ ಷಟ್ಪದಿ. ಆದರೂ ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಅದನ್ನು ಓದುವವರು ಯಾರೂ ‘ಇದು ಎರವಲು’ ಎನ್ನುವುದಿಲ್ಲ. ‘ಚಿದಾನಂದರ ಪುರಾಣ’ ಎಂದೇ ಕೈ ಮುಗಿಯುತ್ತಾರೆ.

ತರುಣನಿಗೆ ಮಾತು ಬಾರದೆ ಇರಲಿಲ್ಲ. ಅವನು ತಾತನ ತೊಡೆಯ ಮೇಲಿನ ಪೆಟ್ಟಿಗೆಗೇ ಕೈ ತೋರಿಸಿದನು. “ಈ ಪೇಟಿ ಯಾವೂರದು ತಾತಾ? ನಮ್ಮೂರದೇನು?”

ಪೆಟ್ಟು ಸರಿಯಾಗಿಯೇ ಬಿದ್ದಿತು. ಹಾರ್ಮೋನಿಯಂ ಪ್ಯಾರಿಸ್ ನಗರದ್ದು. ಅಲ್ಲಿಯ ಅಲೆಕ್ಸಾಂಡರ್ ದೆಬೈನ್ ಎಂಬವನು 1842ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಕಾಲಿನಿಂದ ಒತ್ತುವ ಆ ವಾದ್ಯ ಕಲ್ಕತ್ತೆಗೆ ಬಂದು, ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿಯೂಡಿ ಇನ್ನೊಂದು ಕೈಯಿಂದ ನುಡಿಸುವ ಪೆಟ್ಟಿಗೆಯಾಯಿತು. ನಮ್ಮ ರಾಗಗಳ ಸೂಕ್ಷ್ಮವಾದ ಜಾರುಗಳು ಇದರಲ್ಲಿ ನುಡಿಯಲಾರವೆಂದು ಆಕಾಶವಾಣಿಯು 1940ರಿಂದ 1971ರವರೆಗೆ ಇದನ್ನು ತನ್ನ ಬಾಗಿಲಿನ ಹೊರಗೇ ನಿಲ್ಲಿಸಿತ್ತು. ಆದರೆ ಆಕಾಶವಾಣಿ ಒಲ್ಲದ ಪೆಟ್ಟಿಗೆಯನ್ನು ಹಳ್ಳಿಯ ಭಜನೆ ಬಿಡಲಿಲ್ಲ. ಇಂದು ತತ್ವಪದವೆಂದರೆ ಪೇಟಿ, ಪೇಟಿಯೆಂದರೆ ತತ್ವಪದ ಎಂಬಷ್ಟು ಅವು ಬೆಸೆದುಕೊಂಡಿವೆ.

ಧಾಟಿಗಳ ಚರಿತ್ರೆಯೂ ಇಂಥದೇ. ಹಳೆಯ ನಾಟಕ ಕಂಪನಿಗಳ ಹಾಡಿನ ಪುಸ್ತಕಗಳನ್ನೂ ಭಜನೆಯ ಪುಸ್ತಕಗಳನ್ನೂ ತೆರೆದು ನೋಡಿದವರಿಗೆ ಒಂದು ಸಂಗತಿ ತಿಳಿದಿದೆ. ಪ್ರತಿ ಹಾಡಿನ ತಲೆಯ ಮೇಲೆ ‘ಚಾಲ್’ ಅಥವಾ ‘ಧಾಟಿ’ ಎಂದು ಬರೆದು, ಯಾವ ಹಾಡಿನ ಮಟ್ಟಿನಲ್ಲಿ ಇದನ್ನು ಹಾಡಬೇಕೆಂಬುದನ್ನು ಅಚ್ಚು ಹಾಕಿಸುತ್ತಿದ್ದರು. ಮರಾಠಿಯ ರಂಗಗೀತೆಯಿರಲಿ, ಹಿಂದಿಯ ಚಿತ್ರಗೀತೆಯಿರಲಿ, ಎರವಲನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. ಇನ್ನು ಮರಾಠಿಯ ರಂಗಗೀತೆ ಎಲ್ಲಿಂದ ಬಂದಿತು? ಹೊನ್ನಾವರದ ಕಡೆಯ ಕರ್ಕಿಯ ಭಾಗವತ ಮೇಳದ ಆಟವನ್ನು ಸಾಂಗಲಿಯಲ್ಲಿ ಕಂಡ ಬಳಿಕ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯ ಮೊದಲ ನಾಟಕವನ್ನು ಆಡಿಸಿದರು. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ರಂಗಕ್ಕೆ ತಂದು ಸಂಗೀತ ನಾಟಕಕ್ಕೆ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಗುರ್ಲಹೊಸೂರಿನಲ್ಲಿ, ಅವರ ಕಿವಿಯಲ್ಲಿ ಕನ್ನಡದ ಮಟ್ಟುಗಳೂ ಇದ್ದವು. ನಾವು ಮರಾಠಿಯಿಂದ ತಂದೆವೆಂದು ನಾಚಿಕೊಂಡ ಸಾಲದಲ್ಲಿ ನಮ್ಮ ಅಜ್ಜನ ಗಂಟೂ ಒಂದಿಷ್ಟು ಸೇರಿತ್ತು!

“ಹಂಗಾದರ ಕದ್ದದ್ದು ಯಾವುದು, ತಂದದ್ದು ಯಾವುದು?” ಎಂದು ಹಿಂದಿನ ಸೀಟಿನ ತಾಳದವನು ಕೇಳಿದನು. ಮುದುಕ ಉತ್ತರ ಕೊಡದೆ ಕಿಟಕಿಯ ಹೊರಗೆ ನೋಡಿದನು. ಗದ್ದೆಗಳು ಹಿಂದೆ ಸರಿದು, ಬಂಡೆಗಳ ಬೆಟ್ಟ ಕಾಣತೊಡಗಿತ್ತು. ಮಸ್ಕಿ ಬಂದಿತು.

ಹೆಸರಿದ್ದ ಬಂಡೆ

ಮಸ್ಕಿ ಒಂದು ಕಾಲಕ್ಕೆ ಲಿಂಗಸುಗೂರು ತಾಲ್ಲೂಕಿನ ಹೋಬಳಿ; ಈಗ ತಾನೇ ಒಂದು ತಾಲ್ಲೂಕು. ಆದರೆ ಊರಿನ ಕೀರ್ತಿಗೆ ಕಾರಣ ಬೆಟ್ಟದ ಬಂಡೆಗಳ ನಡುವೆ ಅವಿತುಕೊಂಡಿದ್ದ ಒಂದು ಬರೆಹ. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರು ಈ ಸೀಮೆಯಲ್ಲಿ ಚಿನ್ನವನ್ನು ಹುಡುಕುತ್ತಿದ್ದನು. ಹಟ್ಟಿಯ ಚಿನ್ನದ ಗಣಿ ಇಲ್ಲಿಗೆ ದೂರವಿಲ್ಲವಷ್ಟೆ. ಅವನ ಕಣ್ಣಿಗೆ ಬಿದ್ದದ್ದು ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು.

ಆ ಶಾಸನದ ಒಕ್ಕಣೆಯಲ್ಲಿ ಹೊಸತೇನು ಎಂದು ಕೇಳಿದರೆ, ಹೆಚ್ಚೇನೂ ಇಲ್ಲವೆನ್ನಬೇಕು. ಧರ್ಮದಲ್ಲಿ ನಡೆದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಉನ್ನತಿಯನ್ನು ಪಡೆಯಬಲ್ಲರು ಎಂಬುದು ಅದರ ಸಾರ. ಇದೇ ಧಾಟಿಯ ಮಾತು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ, ಕೊಪ್ಪಳದ ಗವಿಮಠದಲ್ಲಿದೆ, ಉತ್ತರದ ರೂಪನಾಥ, ಸಹಸ್ರಾಮಗಳಲ್ಲಿಯೂ ಇದೆ. ಆದರೆ ಅಲ್ಲೆಲ್ಲ ಅರಸನು ‘ದೇವಾನಾಂಪ್ರಿಯ’ ಎಂಬ ಬಿರುದಿನ ಹಿಂದೆ ನಿಂತಿದ್ದಾನೆ. ಪ್ರಿನ್ಸೆಪ್ಪನು 1837ರಲ್ಲಿ ಈ ಲಿಪಿಯನ್ನು ಬಿಡಿಸಿದ ಮೇಲೆ, ಈ ದೇವಾನಾಂಪ್ರಿಯನೇ ಅಶೋಕನೆಂದು ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ವಿದ್ವಾಂಸರು ನಿರ್ಧರಿಸಿದ್ದರು. ಬಂಡೆಯ ಬಾಯಿಂದ ಆ ಹೆಸರು ಬಂದಿರಲಿಲ್ಲ. ಮಸ್ಕಿಯ ಬಂಡೆ ಅದನ್ನು ನುಡಿಯಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಅಶೋಕನ ಹೆಸರು ದೊರೆತದ್ದುಂಟು. ಆದರೆ ಮೊದಲು ಹೇಳಿದ ಹಿರಿಮೆ ಮಸ್ಕಿಯದು. ಮಾತು ಹಲವೆಡೆಗಳದು, ಹೆಸರನ್ನು ಉಳಿಸಿಕೊಂಡ ಬಂಡೆ ಚರಿತ್ರೆಗೆ ಬೆಳಕಾಯಿತು.

ಬಸ್ಸು ನಿಂತಲ್ಲಿ ಮೇಳದವರು ಇಳಿದು ಚಹಾ ಕುಡಿದರು. ತರುಣನು ತಾತನಿಗೆ ಬಸಿಯಲ್ಲಿ ಚಹಾ ಹುಯ್ದು ಕೊಟ್ಟು ಮೆಲ್ಲನೆ ಕೇಳಿದನು: “ಜಂಬಲದಿನ್ನಿ ಅವರ ವಚನ ಕೇಳಿ ನೀ ಕಣ್ಣಾಗ ನೀರು ತರ್ತಿ. ಬಸವಣ್ಣನ ಕಾಲದಾಗ ಆ ರಾಗ ಯಾರು ಹಚ್ಚಿದ್ರು ತಾತಾ?”

ಈ ಪ್ರಶ್ನೆಯೂ ಹುಡುಗಾಟದ್ದಲ್ಲ. ರಾಯಚೂರು ಜಿಲ್ಲೆಯವರೇ ಆದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು ವಚನಗಳನ್ನು ಹಿಂದೂಸ್ಥಾನಿ ರಾಗಗಳಲ್ಲಿ ಹಾಡಿ ಮನೆಮಾತಾದವರು. ರಾಯಚೂರಿನ ರಂಗಮಂದಿರ ಅವರ ಹೆಸರನ್ನೇ ಹೊತ್ತಿದೆ. ಮಲ್ಲಿಕಾರ್ಜುನ ಮನಸೂರರೂ ಬಸವರಾಜ ರಾಜಗುರುಗಳೂ ನಡೆದದ್ದು ಆ ದಾರಿಯಲ್ಲಿಯೇ. 12ನೆಯ ಶತಮಾನದ ಮಾತಿಗೆ 20ನೆಯ ಶತಮಾನದ ಗಾಯಕರು ತೊಡಿಸಿದ ಅಂಗಿ ಅದು. ಅಂಗಿ ಎಷ್ಟು ಸರಿಯಾಗಿ ಹೊಂದಿತೆಂದರೆ, ಹುಟ್ಟುವಾಗಲೇ ತೊಟ್ಟು ಬಂದಂತೆ ಕಾಣುತ್ತದೆ.

ಮುದುಕ ಬಸಿಯನ್ನು ಕೆಳಗಿಟ್ಟನು. “ಅವರು ರಾಗಾನ ವಚನಕ್ಕ ಬಗ್ಗಿಸಿದ್ರು. ನೀ ಪದಾನ ಧಾಟಿಗೆ ಬಗ್ಗಿಸಿದಿ. ನಿನ್ನ ಧಾಟಿ ಮೂರು ನುಡಿಗೆ ಮುಗೀತು, ನಾಕನೇ ನುಡಿ ಬಿಟ್ಟಿ. ಅದರಾಗ ಏನಿತ್ತು?”

ತರುಣ ತಲೆ ತಗ್ಗಿಸಿದನು. ನಾಲ್ಕನೆಯ ನುಡಿಯಲ್ಲಿ ಇದ್ದದ್ದು ಅಂಕಿತ.

ಆಗ ಹಿಂದಿನವರಿಗೆಲ್ಲ ಜಗಳದ ಬೇರು ಕಾಣಿಸಿತು. ಮುದುಕನನ್ನು ಸುಟ್ಟದ್ದು ಸಿನಿಮಾದ ಧಾಟಿಗಿಂತ ಹೆಚ್ಚಾಗಿ ಆ ಬಿಟ್ಟ ನುಡಿ. ಪದವನ್ನು ಕಟ್ಟಿದವರು ಮಠವನ್ನು ಬಿಟ್ಟು ಹೋದವರಲ್ಲ, ಮನೆಯನ್ನು ಬಿಟ್ಟು ಹೋದವರಲ್ಲ. ಕೊನೆಯ ಸಾಲಿನಲ್ಲಿ ಗುರುವಿನದೋ ದೈವದದೋ ಹೆಸರನ್ನು ಅಂಕಿತವಾಗಿ ಇಟ್ಟುಹೋದರು. ಅವರು ಇದ್ದರೆಂಬುದಕ್ಕೆ ಹಲವೊಮ್ಮೆ ಅದೊಂದೇ ಸಾಕ್ಷಿ.

ಅಂಕಿತದಲ್ಲಿಯೂ ಸಾಲವುಂಟು

ಮಸ್ಕಿಯಿಂದ ಲಿಂಗಸುಗೂರಿಗೆ ದಾರಿ ಬಯಲಿನಲ್ಲಿ ಸಾಗುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಲಿಂಗಸುಗೂರು ಒಂದು ಜಿಲ್ಲೆಯ ಮುಖ್ಯ ಸ್ಥಳವಾಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ರದ್ದುಗೊಳಿಸಿದರು. ಜಿಲ್ಲೆ ಹೋದರೂ ಹಾಡು ಹೋಗಲಿಲ್ಲ. ಈ ಸೀಮೆಯ ಸುತ್ತಮುತ್ತಲೇ ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಟ್ಟಿಯ ಜಗನ್ನಾಥದಾಸರು ಆಗಿಹೋದರು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಅವರ ಅಂಕಿತಗಳನ್ನು ಒಮ್ಮೆ ಸಾಲಾಗಿ ಹೇಳಿ ನೋಡಬೇಕು. ಮೊದಲರ್ಧ ಅವರವರದು, ಉಳಿದರ್ಧ ಪುರಂದರವಿಠಲನಿಂದ ಬಂದದ್ದು. ವಿಜಯದಾಸರು ಗೋಪಾಲದಾಸರಿಗೆ ಅಂಕಿತವನ್ನು ಅನುಗ್ರಹಿಸಿದರು. ತನ್ನದೆಂದು ಹೇಳುವ ಹೆಸರಿನಲ್ಲಿಯೇ ಗುರುವಿನ ಋಣವನ್ನು ಸೇರಿಸಿ ಹೇಳುವ ಈ ಕ್ರಮಕ್ಕಿಂತ ಪ್ರಾಮಾಣಿಕವಾದ ರುಜು ಬೇರೊಂದಿಲ್ಲ.

ಲಿಂಗಸುಗೂರಿನಲ್ಲಿ ಮೇಳ ಮುದಗಲ್ಲಿನ ಬಸ್ಸನ್ನು ಹತ್ತಿತು. ಮುದಗಲ್ಲೆಂದರೆ ಕೋಟೆ, ಬಹಮನಿಗಳೂ ವಿಜಯನಗರದವರೂ ಕಾದಾಡಿದ ಕೋಟೆ. ಆದರೆ ಸುತ್ತಲ ಹಳ್ಳಿಗಳಿಗೆ ಮುದಗಲ್ಲೆಂದರೆ ಮೊಹರಮ್ಮು. ಆ ದಿನಗಳಲ್ಲಿ ಹಿಂದೂ ಮುಸಲ್ಮಾನರೆನ್ನದೆ ಜನ ಅಲಾಯಿ ದೇವರಿಗೆ ಬರುತ್ತಾರೆ. ಮನೆಗಳಲ್ಲಿ ಚೊಂಗೆ ಬೇಯುತ್ತದೆ. ರಾತ್ರಿಯೆಲ್ಲ ರಿವಾಯತ್ ಪದಗಳು ಕೇಳಿಬರುತ್ತವೆ. ಸಾವಿರದ ಮುನ್ನೂರು ವರ್ಷಗಳ ಹಿಂದೆ ದೂರದ ಕರ್ಬಲಾದಲ್ಲಿ ನಡೆದ ಶೋಕ. ಹಾಡುವ ಮಾತು ಎಡೆದೊರೆಯ ಕನ್ನಡ. ಸ್ವರದಲ್ಲಿ ಹಳ್ಳಿಯ ಹೆಣ್ಣುಮಕ್ಕಳು ತವರನ್ನು ನೆನೆದು ಹಾಡುವ ಹಾಡಿನ ಅದೇ ದುಃಖ. ‘ರಿವಾಯತ್’ ಎಂಬ ಅರಬ್ಬೀ ಶಬ್ದದ ಅರ್ಥವೇ ಒಬ್ಬರಿಂದೊಬ್ಬರಿಗೆ ಹೇಳಿಕೊಂಡು ಬಂದದ್ದು ಎಂದು. ಇದು ಯಾರ ಸ್ವಂತ ಎಂದು ಮುದಗಲ್ಲಿನ ಬೀದಿಯಲ್ಲಿ ಕೇಳಿದವನಿಗೆ ಉತ್ತರ ದೊರೆಯಲಾರದು. ಆದರೆ ಯಾರಿಗಾಗಿ ಅಳುತ್ತಿದ್ದೇವೆಂಬುದು ಅಲ್ಲಿ ಚಿಕ್ಕ ಮಗುವಿಗೂ ಗೊತ್ತು.

“ಸಣ್ಣವನಿದ್ದಾಗ ನಾನೂ ರಿವಾಯತ್ ಹಾಡೀನಿ,” ಎಂದನು ಮುದುಕ, ಯಾರೂ ಕೇಳದಿದ್ದರೂ. “ಆ ಧಾಟಿನ ಒಂದು ತತ್ವಪದಕ್ಕ ಹಚ್ಚಿದೆ. ನಮ್ಮಪ್ಪ ಬೈದ.”

“ಬೈದು ಏನಂದ?” ತರುಣನಿಗೆ ಕುತೂಹಲ.

“ಮುಂದಿನ ಅಮಾಸಿಗೆ ಅವನೇ ಆ ಧಾಟಿಲೆ ಹಾಡಿದ.”

ಬಸ್ಸಿನಲ್ಲಿ ನಗೆ ಎದ್ದಿತು. ಮುದುಕ ಮಾತ್ರ ನಗಲಿಲ್ಲ. “ಅಂಕಿತ ಬಿಟ್ಟಿದ್ದಿಲ್ಲ ಮತ್ತ,” ಎಂದಷ್ಟೇ ಹೇಳಿದನು.

ಆ ರಾತ್ರಿ ಜಾತ್ರೆಯ ಚಪ್ಪರದಲ್ಲಿ ಮೇಳ ಕುಳಿತಾಗ ಹನ್ನೊಂದು ಹೊಡೆದಿತ್ತು. ತರುಣನು ಮೊದಲು ಸಭೆಗೆ ಕೈ ಮುಗಿದು, ಪದ ಯಾರದೆಂಬುದನ್ನೂ ಧಾಟಿ ಯಾವ ಚಿತ್ರದ್ದೆಂಬುದನ್ನೂ ಬಾಯಿಬಿಟ್ಟು ಹೇಳಿದನು. ಹಿಂದಿನವರು ಪುಸ್ತಕದ ತಲೆಯ ಮೇಲೆ ಅಚ್ಚು ಹಾಕಿಸುತ್ತಿದ್ದ ಮಾತನ್ನು ಅವನು ಸಭೆಯಲ್ಲಿ ಆಡಿದಂತಾಯಿತು. ಮೂರು ನುಡಿ ಮುಗಿದವು. ಸಿನಿಮಾದ ಧಾಟಿ ಅಲ್ಲಿಗೆ ತೀರಿತು. ನಾಲ್ಕನೆಯ ನುಡಿಗೆ ಅವನು ತಬಲಾವನ್ನು ನಿಲ್ಲಿಸಿ, ತಾಳವನ್ನು ನಿಲ್ಲಿಸಿ, ಬರಿಯ ದನಿಯಲ್ಲಿ ಅಂಕಿತದ ಕಡೆಗೆ ನಡೆದನು.

ಅದುವರೆಗೆ ಕೈ ಕಟ್ಟಿಕೊಂಡು ಕುಳಿತಿದ್ದ ಮುದುಕನು ಪೇಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದೇ ಒಂದು ಸ್ವರವನ್ನು ಒತ್ತಿ ಹಿಡಿದನು. ಪದ ಮುಗಿಯುವವರೆಗೆ ಅದನ್ನು ಬಿಡಲಿಲ್ಲ.